1 ಗೆಲುವು, 9 ಸೋಲು: ಯುದ್ಧ ನುಂಗಿದ ಒಂದು ಕಾಲೇಜ್ ಟೀಮ್

ಇವತ್ತು ಎರಡು ಸ್ಕೋರ್‌ಗಳಿಂದ ಶುರು ಮಾಡ್ತೀನಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫುಟ್ಬಾಲ್ ಟೀಮ್ 1942ರಲ್ಲಿ ನೋಟರ್ ಡೇಮ್ ವಿರುದ್ಧ 7-7 ಡ್ರಾ ಮಾಡಿಕೊಂಡಿತ್ತು. ಮುಂದಿನ ವರ್ಷ ಅದೇ ಎದುರಾಳಿ, ಸ್ಕೋರ್ 50-0. ವಿಸ್ಕಾನ್ಸಿನ್‌ಗೆ ಸೊನ್ನೆ.

ಒಂದೇ ವರ್ಷದಲ್ಲಿ ಏನಾಯ್ತು?

ಮೊದಲೇ ಹೇಳಿಬಿಡ್ತೀನಿ, ಇದು ಮೆಸ್ಸಿ ಆಡೋ ಫುಟ್ಬಾಲ್ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡ್ಕೊಂಡು ಓಡೋ ಆಟ. ಅಲ್ಲಿ ಕಾಲೇಜ್ ಮ್ಯಾಚ್ ಅಂದ್ರೆ ಊರಿಗೆ ಊರೇ ಸೇರುತ್ತೆ.

1942ರ ವಿಸ್ಕಾನ್ಸಿನ್ ಭಾರಿ ಟೀಮ್. 8 ಗೆಲುವು, 1 ಸೋಲು, 1 ಡ್ರಾ. ಓಹಾಯೊ ಸ್ಟೇಟ್ ಆ ವರ್ಷ ದೇಶಕ್ಕೇ ನಂಬರ್ ಒನ್ ಆಯ್ತು. ಅಂಥ ಟೀಮನ್ನೂ ಇವರು 17-7ರಿಂದ ಸೋಲಿಸಿದ್ದರು. ಎಲ್ರಾಯ್ ಹರ್ಷ್ ಅನ್ನೋ ಹುಡುಗ ಓಡುವಾಗ ಕಾಲು ಎತ್ತೆತ್ತಲೋ ತಿರುಗ್ತಿತ್ತಂತೆ, ಅದಕ್ಕೆ ಅವನ ಅಡ್ಡಹೆಸರೇ ‘ಕ್ರೇಜಿಲೆಗ್ಸ್’. ಡೇವ್ ಶ್ರೈನರ್ ಎರಡು ವರ್ಷ ಸತತವಾಗಿ ‘ಆಲ್ ಅಮೆರಿಕನ್’ ಪಟ್ಟಿಯಲ್ಲಿದ್ದ ಆಟಗಾರ.

ಆದರೆ ಆಗ ಎರಡನೇ ಮಹಾಯುದ್ಧ. 1942ರ ಕೊನೆಗೆ ಅಮೆರಿಕ ಸೇನಾ ಭರ್ತಿಯ ವಯಸ್ಸನ್ನು 18ಕ್ಕೆ ಇಳಿಸಿತು. ಅಂದ್ರೆ ಹೆಚ್ಚುಕಡಿಮೆ ಇಡೀ ಟೀಮ್‌ಗೆ ಕರೆ ಬರುವ ವಯಸ್ಸು.

ಇಲ್ಲೊಂದು ವಿಚಿತ್ರ ನಿಯಮ ಇದೆ, ಗಮನಿಸಿ. ಅಧಿಕಾರಿಗಳನ್ನು ತಯಾರು ಮಾಡೋಕೆ ನೌಕಾಪಡೆ 1943ರ ಜುಲೈನಲ್ಲಿ ‘ವಿ-12’ ಎಂಬ ಯೋಜನೆ ಶುರು ಮಾಡಿತು. ಆಯ್ಕೆಯಾದವರು ಗೊತ್ತುಮಾಡಿದ ಕಾಲೇಜುಗಳಲ್ಲಿ ಓದುತ್ತಾ ತರಬೇತಿ ಪಡೀಬೇಕು. ಅವರು ಆ ಕಾಲೇಜಿನ ಟೀಮ್‌ಗೆ ಆಡಬಹುದಿತ್ತು. ಭೂಸೇನೆಯ ಇಂಥದೇ ಯೋಜನೆಯಲ್ಲಿದ್ದವರಿಗೆ ಆಡೋಕೆ ಅನುಮತಿ ಇರಲಿಲ್ಲ. ಹಾಗಾಗಿ ಯಾವ ಕಾಲೇಜಿಗೆ ಯಾರನ್ನು ಕಳಿಸಿದರು ಅನ್ನೋದೇ ಆ ವರ್ಷದ ಫಲಿತಾಂಶವನ್ನು ಬಹುಪಾಲು ತೀರ್ಮಾನಿಸಿತು.

ಮರೀನ್ ಪಡೆಗೆ ಸೇರಿದ್ದ ಹರ್ಷ್ ಮತ್ತು ಅವನ ಕೆಲವು ಜೊತೆಗಾರರನ್ನು ಮಿಶಿಗನ್‌ಗೆ ಕಳಿಸಿದರು. ಎದುರಾಳಿ ಕಾಲೇಜಿಗೆ! 1943ರಲ್ಲಿ ಮಿಶಿಗನ್ ಒಂದೇ ಒಂದು ಪಂದ್ಯ ಸೋತಿತು. ವಿಸ್ಕಾನ್ಸಿನ್ ಅನ್ನು 27-0ರಿಂದ ಬಡಿಯಿತು.

ಇತ್ತ ವಿಸ್ಕಾನ್ಸಿನ್‌ನಲ್ಲಿ ಕೋಚ್ ಹ್ಯಾರಿ ಸ್ಟೂಲ್‌ಡ್ರೇಯರ್ ಬದಲಾಗಿರಲಿಲ್ಲ. ಮೈದಾನವೂ ಅದೇ ಕ್ಯಾಂಪ್ ರ‍್ಯಾಂಡಲ್. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನಿಕರಿಗೆ ತರಬೇತಿ ಕೊಟ್ಟ ಜಾಗ ಅದು. ಆಡೋಕೆ ಉಳಿದವರು ಮಾತ್ರ ಬಹುತೇಕ ಹೊಸಬರು. ಯುದ್ಧಕಾಲಕ್ಕೆಂದು ನಿಯಮ ಸಡಿಲಿಸಿ, ಮೊದಲ ವರ್ಷದ ಹುಡುಗರಿಗೂ ಆಡೋಕೆ ಬಿಟ್ಟಿದ್ದರು. ನಿನ್ನೆ ಮೊನ್ನೆವರೆಗೂ ಹೈಸ್ಕೂಲಲ್ಲಿದ್ದವರು!

ಆ ಸೀಸನ್‌ನಲ್ಲಿ ಒಂದೇ ಗೆಲುವು, ಅಯೋವಾ ವಿರುದ್ಧ 7-5. ಹಿಂದಿನ ವರ್ಷ ಬಲಿಷ್ಠ ಟೀಮನ್ನು ಸೋಲಿಸಿದ್ದ ಏಕೈಕ ತಂಡ ಈ ಅಯೋವಾ. ಆ ಘಟಾನುಘಟಿಗಳಿಗೆ ಆಗದ್ದನ್ನು ಈ ಹುಡುಗರು ಮಾಡಿದ್ರು. ಅದು ನಂಗೆ ತುಂಬಾ ಇಷ್ಟವಾದ ವಿಷಯ.

ಕಥೆ ಇಲ್ಲಿಗೇ ಮುಗಿದಿದ್ರೆ ಚೆನ್ನಾಗಿರ್ತಿತ್ತು. 1945ರ ಜೂನ್‌ನಲ್ಲಿ, ಜಪಾನಿನ ಓಕಿನಾವಾ ದ್ವೀಪದ ಕದನ ಇನ್ನೇನು ಮುಗಿಯೋದರಲ್ಲಿತ್ತು. ಆಗ ಡೇವ್ ಶ್ರೈನರ್ ಗುಂಡೇಟು ತಿಂದು ತೀರಿಕೊಂಡ. ಅದೇ ತಿಂಗಳು, ಅದೇ ದ್ವೀಪದಲ್ಲಿ ಅವನ ಜೊತೆ ಆಡಿದ್ದ ಬಾಬ್ ಬಾವ್ಮನ್ ಕೂಡ ಸತ್ತ. ಶ್ರೈನರ್‌ಗೆ ಆಗ 24 ವರ್ಷ. ಅವನ 80ನೇ ನಂಬರ್ ಜೆರ್ಸಿಯನ್ನು ವಿಸ್ಕಾನ್ಸಿನ್ ಮುಂದೆ ಬೇರೆ ಯಾರಿಗೂ ಕೊಡದೆ ತೆಗೆದಿರಿಸಿತು.

ಹರ್ಷ್ ಬದುಕಿ ಬಂದ, ದೊಡ್ಡ ಸ್ಟಾರ್ ಆದ, ಮುಂದೆ ವಿಸ್ಕಾನ್ಸಿನ್‌ನ ಕ್ರೀಡಾ ವಿಭಾಗಕ್ಕೇ ಮುಖ್ಯಸ್ಥನಾದ.

ದಾಖಲೆ ಪುಸ್ತಕದಲ್ಲಿ 1943ರ ಮುಂದೆ ಇರೋದು ‘1-9’ ಅಂತ ಅಷ್ಟೇ. ಆಟಗಾರರು ಎಲ್ಲಿ ಹೋದ್ರು, ಅವರ ಜಾಗದಲ್ಲಿ ನಿಂತವರು ಯಾರು ಅನ್ನೋದು ಅಲ್ಲಿಲ್ಲ. ಮುಂದಿನ ಸಲ ಯಾವುದಾದ್ರೂ ಟೀಮನ್ನು ‘ವೇಸ್ಟ್’ ಅನ್ನೋ ಮುಂಚೆ, ಆ ವರ್ಷ ಏನು ನಡೀತಿತ್ತು ಅಂತ ಒಮ್ಮೆ ನೋಡಿ. ನಾನಂತೂ ಈಗ ನೋಡ್ತೀನಿ.

ಮತ್ತೆ ಸಿಗೋಣ.