ಆಟೋರಿಕ್ಷಾದ ಹ್ಯಾಂಡಲು ಸಡಿಲವಾದಾಗ

ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ, ಹೇಮಾವತಿ ನದಿಯ ದಡದಲ್ಲಿರುವ ಊರು ಗೊರೂರು. 1979ರಲ್ಲಿ ಇಲ್ಲಿಯ ಅಣೆಕಟ್ಟು ಪೂರ್ಣಗೊಂಡಿತು. ಈ ಊರಿನಲ್ಲಾಗಲಿ, ಸುತ್ತಲಿನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಾಗಲಿ ಬಸ್ಸು ಇಳಿದವರ ಕಣ್ಣಿಗೆ ಮೊದಲು ಬೀಳುವುದು ಆಟೋರಿಕ್ಷಾ. ಬಸ್ಸು ಹೋಗದ ಹಳ್ಳಿಗೂ ಅದು ಹೋಗುತ್ತದೆ. ಮಕ್ಕಳನ್ನು ಶಾಲೆಗೆ, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತದೆ. ಅದರ ಸೋದರನಾದ ಸರಕಿನ ಮೂರುಗಾಲಿ ಬಂಡಿಯು ಆಲೂಗೆಡ್ಡೆಯ ಮೂಟೆಗಳನ್ನೂ ತೆಂಗಿನಕಾಯಿಯ ರಾಶಿಯನ್ನೂ ಪೇಟೆಗೆ ಸಾಗಿಸುತ್ತದೆ. ಇಷ್ಟು ಜನರ ಪ್ರಾಣವೂ ಇಷ್ಟು ಸರಕೂ ದಾರಿ ತಪ್ಪದೆ ಸಾಗುವುದು ಮೊರದಗಲದ ಒಂದೇ ಒಂದು ಮುಂಗಾಲಿಯನ್ನು ನಂಬಿ. ಆ ಗಾಲಿಯನ್ನು ತಿರುಗಿಸುವ ಹ್ಯಾಂಡಲು ಸಡಿಲವಾದರೆ ಏನಾಗುವುದು, ಸಡಿಲವು ಎಲ್ಲಿದೆಯೆಂದು ಕಂಡುಹಿಡಿಯುವ ಬಗೆ ಯಾವುದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮೂರು ಗಾಲಿಯ ವಾಹನವು ಮೋಟಾರು ಯುಗದಷ್ಟೇ ಹಳೆಯದು. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಹಕ್ಕುಪತ್ರ ಪಡೆದ ಮೋಟಾರು ಗಾಡಿಗೆ ಇದ್ದುದು ಮೂರೇ ಗಾಲಿ. ಮುಂದೆ ಎರಡು ಗಾಲಿಗಳಿದ್ದರೆ, ತಿರುವಿನಲ್ಲಿ ಒಳಗಿನ ಗಾಲಿ ಹೆಚ್ಚು, ಹೊರಗಿನದು ಕಡಿಮೆ ಹೊರಳಬೇಕು. ಈ ತೊಡಕನ್ನು ಅವನು 1893ರಲ್ಲಿ ಬಿಡಿಸಿದನು; ಅಲ್ಲಿಯವರೆಗೆ ಒಂದೇ ಮುಂಗಾಲಿಯಿಂದ ಕೆಲಸ ಸಾಗಿಸಿದನು. ಎರಡನೆಯ ಮಹಾಯುದ್ಧದ ತರುವಾಯ ಇಟಲಿಯ ಪಿಯಾಜಿಯೋ ಸಂಸ್ಥೆಯು 1946ರಲ್ಲಿ ‘ವೆಸ್ಪ’ ಎಂಬ ಸ್ಕೂಟರನ್ನೂ, 1948ರಲ್ಲಿ ಅದಕ್ಕೆ ಹಿಂದೆ ಎರಡು ಗಾಲಿ ಜೋಡಿಸಿ ‘ಆಪೆ’ ಎಂಬ ಮೂರುಗಾಲಿ ಬಂಡಿಯನ್ನೂ ಹೊರತಂದಿತು. ವೆಸ್ಪ ಎಂದರೆ ಕಣಜದ ಹುಳು, ಆಪೆ ಎಂದರೆ ಜೇನುನೊಣ. ಪಿಯಾಜಿಯೋದಿಂದ ಪರವಾನಗಿ ಪಡೆದು ಬಜಾಜ್ ಸಂಸ್ಥೆಯು 1960ರ ದಶಕದಲ್ಲಿ ಭಾರತದಲ್ಲಿ ಆಟೋರಿಕ್ಷಾಗಳನ್ನು ತಯಾರಿಸಿತು. ನಮ್ಮ ಆಟೋರಿಕ್ಷಾದ ಮುಂಭಾಗವು ಸ್ಕೂಟರಿನ ಮುಂಭಾಗವನ್ನು ಹೋಲುವುದಕ್ಕೆ ಕಾರಣ ಇದೇ. ಇಂದು ವಿದ್ಯುಚ್ಛಕ್ತಿಯಿಂದ ಓಡುವ ಆಟೋಗಳೂ ಬಂದಿವೆ. ಅವುಗಳಲ್ಲಿಯೂ ಒಂದು ಮುಂಗಾಲಿ ಮತ್ತು ಹ್ಯಾಂಡಲು ಉಳ್ಳ ಮಾದರಿಗಳಿವೆ.

ಈ ಮುಂಭಾಗದ ರಚನೆ ಸರಳವಾದುದು. ಹ್ಯಾಂಡಲು ಉಕ್ಕಿನ ಒಂದು ಕಂಬದ ತುದಿಗೆ ಬಿಗಿದಿರುತ್ತದೆ. ಆ ಕಂಬವು ವಾಹನದ ಒಡಲಿಗೆ ಬೆಸೆದ ಒಂದು ಕೊಳವೆಯ ಮೂಲಕ ಕೆಳಕ್ಕೆ ಇಳಿದಿದೆ. ಕೊಳವೆಯ ಮೇಲಿನ ಬಾಯಿಯಲ್ಲೊಂದು, ಕೆಳಗಿನ ಬಾಯಿಯಲ್ಲೊಂದು ಉಕ್ಕಿನ ಬಟ್ಟಲುಗಳಿವೆ. ಅವುಗಳಲ್ಲಿ ಉಕ್ಕಿನ ಗುಂಡುಗಳು ಸಾಲಾಗಿ ಕುಳಿತಿವೆ. ಇವನ್ನು ಬಾಲ್ ರೇಸ್ ಎನ್ನುತ್ತಾರೆ. ಇವುಗಳ ಮೇಲೆ ಕಂಬವು ಸಲೀಸಾಗಿ ತಿರುಗುತ್ತದೆ. ಕಂಬದ ಕೆಳತುದಿಯಲ್ಲಿ ಒಂದು ಪಿನ್ನಿನ ಮೇಲೆ ತೂಗುವ ತೋಳುಂಟು. ಆ ತೋಳು ಗಾಲಿಯನ್ನು ಹಿಡಿದಿದೆ. ಗಾಲಿಯ ಗುಂಬದೊಳಗೆ ಬೇರೆ ಬೇರಿಂಗುಗಳಿವೆ. ಏಟನ್ನು ನುಂಗಲು ಸ್ಪ್ರಿಂಗೂ ಷಾಕ್ ಅಬ್ಸಾರ್ಬರೂ ಇವೆ.

ಬಸ್ಸಿನಲ್ಲಿ ಚಾಲಕನು ಹಿಡಿದ ಚಕ್ರಕ್ಕೂ ರಸ್ತೆಯ ಮೇಲಿನ ಗಾಲಿಗೂ ನಡುವೆ ಹಲ್ಲುಚಕ್ರಗಳ ಪೆಟ್ಟಿಗೆ ಇರುತ್ತದೆ. ಅಲ್ಲಿ ಅಲ್ಪಸ್ವಲ್ಪ ಸಡಿಲ ಸಹಜ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸ್ಟಿಯರಿಂಗ್ ಚಕ್ರದ ಸಡಿಲವು 30 ಡಿಗ್ರಿಯನ್ನು ಮೀರಕೂಡದೆಂದು ವಿಧಿಸಿವೆ. ಹ್ಯಾಂಡಲು ಉಳ್ಳ ಆಟೋರಿಕ್ಷಾದಲ್ಲಿ ಅಂಥ ಪೆಟ್ಟಿಗೆಯೇ ಇಲ್ಲ. ಹ್ಯಾಂಡಲು ಎಷ್ಟು ಹೊರಳುವುದೋ ಗಾಲಿಯೂ ಅಷ್ಟೇ ಹೊರಳುವುದು. ಆದುದರಿಂದ ಇಲ್ಲಿ ಕೈಗೆ ತಿಳಿಯುವಷ್ಟು ಸಡಿಲ ಕಂಡರೂ ಅದನ್ನು ದೋಷವೆಂದೇ ಎಣಿಸಬೇಕು. ಈ ಸಡಿಲವನ್ನೇ ಚಾಲಕರು ‘ಆಟ’ ಎನ್ನುತ್ತಾರೆ.

ಈ ಆಟ ಎಷ್ಟು ಅಪಾಯಕರವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುವ ಆಟೋ ಒಂದು ಸೆಕೆಂಡಿನಲ್ಲಿ 10 ಮೀಟರ್ ಸಾಗುತ್ತದೆ. ಗಾಲಿಯು ಚಾಲಕನಿಗೆ ಅರಿವಾಗದಂತೆ 2 ಡಿಗ್ರಿ ಹೊರಳಿತೆನ್ನೋಣ. ಹೊರಳಿದ ದಿಕ್ಕಿನಲ್ಲಿ ನೇರವಾಗಿ ಹೋದರೂ ಒಂದೇ ಸೆಕೆಂಡಿನಲ್ಲಿ ಅದು ಸುಮಾರು 35 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ವಾಹನದ ದಿಕ್ಕೂ ಜೊತೆಗೆ ಬದಲಾಗುವುದರಿಂದ ನಿಜವಾದ ಸರಿತ ಇನ್ನೂ ಹೆಚ್ಚು. ಕಾಲುವೆಯ ಏರಿಯ ಮೇಲಿನ ಕಿರಿದಾದ ದಾರಿಯಲ್ಲಿ ಇಷ್ಟು ಸರಿದರೆ ಸಾಕು, ಅನಾಹುತವಾಗಬಹುದು. ಗಾಬರಿಯಿಂದ ಹ್ಯಾಂಡಲನ್ನು ಥಟ್ಟನೆ ಎಳೆದರೆ ಮತ್ತೊಂದು ಅಪಾಯ. ಮೂರು ಗಾಲಿಗಳು ನೆಲವನ್ನು ಮುಟ್ಟುವ ಬಿಂದುಗಳು ಒಂದು ತ್ರಿಕೋನವಾಗುತ್ತವೆ. ಮುಂಗಾಲಿಯತ್ತ ಈ ತ್ರಿಕೋನವು ಕಿರಿದಾಗಿರುವುದರಿಂದ ವೇಗದ ತಿರುವಿನಲ್ಲಿ ವಾಹನವು ಮಗುಚಿಕೊಳ್ಳುವ ಸಂಭವ ಹೆಚ್ಚು.

ದೋಷವನ್ನು ಹುಡುಕುವ ಮುನ್ನ ದೂರನ್ನು ಸರಿಯಾಗಿ ಗುರುತಿಸಬೇಕು. ಹ್ಯಾಂಡಲು ಅಲ್ಲಾಡಿದರೂ ಗಾಲಿ ಹೊರಳದಿದ್ದರೆ, ಅಥವಾ ಹ್ಯಾಂಡಲು ನಿಂತಿದ್ದರೂ ಗಾಲಿ ಅಲ್ಲಾಡಿದರೆ, ಅದು ಆಟ. ವಾಹನವು ಒಂದೇ ಪಕ್ಕಕ್ಕೆ ಸರಿಯುತ್ತಿದ್ದರೆ ಅದು ಎಳೆತ; ಹಿಂದಿನ ಎರಡು ಟೈರುಗಳಲ್ಲಿ ಗಾಳಿ ಹೆಚ್ಚುಕಡಿಮೆ ಇರುವುದು ಇದಕ್ಕೆ ಸಾಮಾನ್ಯವಾದ ಒಂದು ಕಾರಣ. ಕೆಲವು ವೇಗದಲ್ಲಿ ಮಾತ್ರ ಹ್ಯಾಂಡಲು ನಡುಗಿದರೆ ಅದು ಅದುರು. ಡೊಂಕಾದ ರಿಮ್ಮು ಅಥವಾ ಏರುತಗ್ಗಾಗಿ ಸವೆದ ಟೈರು ಅದಕ್ಕೆ ಕಾರಣವಾಗಬಹುದು. ಈ ಮೂರನ್ನೂ ಒಂದೇ ಎಂದು ಬಗೆದರೆ ರೋಗ ಒಂದು, ಮದ್ದು ಇನ್ನೊಂದು ಆಗುವುದು.

ಆಟದ ಮೂಲವನ್ನು ನೆಲದಿಂದ ಆರಂಭಿಸಿ ಮೇಲಕ್ಕೆ ಹುಡುಕುತ್ತ ಹೋಗುವುದು ಒಳ್ಳೆಯ ಕ್ರಮ. ಮೊದಲು ಟೈರಿನ ಗಾಳಿಯನ್ನು ಅಳೆಯಬೇಕು. ಗಾಳಿ ಕಡಿಮೆಯಾದ ಟೈರು ತಾನೇ ಬಾಗಿ ಬಳುಕುವುದರಿಂದ, ಯಾವ ಕೀಲೂ ಸವೆಯದಿದ್ದರೂ ಹ್ಯಾಂಡಲು ಸಡಿಲವಾದಂತೆ ಭಾಸವಾಗುತ್ತದೆ. ಅನಂತರ ಗಾಲಿಯ ನಟ್ಟುಗಳು ಬಿಗಿಯಾಗಿವೆಯೇ, ಷಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿದೆಯೇ ಎಂದು ನೋಡಬೇಕು. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಖರ್ಚೂ ಇಲ್ಲ.

ಮುಂದಿನ ಪರೀಕ್ಷೆಗೆ ಮುಂಗಾಲಿಯನ್ನು ನೆಲದಿಂದ ಎತ್ತಬೇಕು. ವಾಹನವನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಗಳ ಹಿಂದಕ್ಕೂ ಮುಂದಕ್ಕೂ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿಯಾದ ಮರದ ದಿಮ್ಮಿಯನ್ನು ಇಡಬೇಕು. ಜಾಕನ್ನೊಂದನ್ನೇ ನಂಬಿ ವಾಹನದ ಅಡಿಗೆ ಕೈಯಾಗಲಿ ತಲೆಯಾಗಲಿ ಚಾಚಕೂಡದು.

ಈಗ ಗಾಲಿಯನ್ನು ಮೇಲೊಂದು ಕೈಯಿಂದಲೂ ಕೆಳಗೊಂದು ಕೈಯಿಂದಲೂ ಹಿಡಿದು ಅಲುಗಿಸಬೇಕು. ಕಟಕಟ ಸದ್ದಿನೊಡನೆ ಗಾಲಿ ವಾಲಾಡಿದರೆ ಎಲ್ಲಿಯೋ ಸವೆತ ಇದೆಯೆಂದು ಅರ್ಥ. ಎಲ್ಲಿ ಎಂಬುದನ್ನು ತಿಳಿಯಲು ಒಂದು ಉಪಾಯವುಂಟು. ಮುಂಗಾಲಿಗೂ ಬ್ರೇಕ್ ಇರುವ ವಾಹನವಾದರೆ, ಇನ್ನೊಬ್ಬರು ಕಾಲಿನ ಬ್ರೇಕನ್ನು ಒತ್ತಿಹಿಡಿಯಲಿ. ಆಗ ಗಾಲಿಯೂ ಅದನ್ನು ಹಿಡಿದ ಭಾಗವೂ ಒಂದಾಗಿ ಬೆಸೆದಂತಾಗುತ್ತವೆ. ಬ್ರೇಕ್ ಒತ್ತಿದಾಗ ವಾಲಾಟ ನಿಂತುಹೋದರೆ ದೋಷವು ಗಾಲಿಯ ಬೇರಿಂಗಿನಲ್ಲಿದೆ. ನಿಲ್ಲದಿದ್ದರೆ ಅದು ಇನ್ನೂ ಮೇಲಿದೆ. ಆಗ ತೋಳು ಮತ್ತು ಕಂಬ ಸೇರುವ ಪಿನ್ನಿನ ಸಂದಿಯ ಮೇಲೆ ಬೆರಳಿಟ್ಟು ಗಾಲಿಯನ್ನು ಪಕ್ಕಕ್ಕೆ ಅಲುಗಿಸಬೇಕು. ಸಂದಿ ಜಾರುವುದು ಬೆರಳಿಗೆ ತಿಳಿದರೆ ಪಿನ್ನು ಅಥವಾ ಅದರ ಬುಷ್ ಸವೆದಿದೆ. ಅಲ್ಲಿಯೂ ಇಲ್ಲವಾದರೆ, ಕೊಳವೆಯ ಕೆಳಬಾಯಿಯ ಬಳಿ ಬೆರಳಿಟ್ಟು, ಕಂಬವನ್ನು ಹಿಂದಕ್ಕೂ ಮುಂದಕ್ಕೂ ನೂಕಿ ಎಳೆಯಬೇಕು. ಅಲ್ಲಿ ಚಲನೆ ಕಂಡರೆ ಬಾಲ್ ರೇಸ್ ಸಡಿಲವಾಗಿದೆ.

ಬಾಲ್ ರೇಸಿಗೆ ಇನ್ನೊಂದು ಪರೀಕ್ಷೆ ಅಗತ್ಯ. ಗಾಲಿ ಮೇಲಿರುವಾಗಲೇ ಹ್ಯಾಂಡಲನ್ನು ಎರಡು ಬೆರಳುಗಳಿಂದ ಮೆಲ್ಲನೆ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಬೇಕು. ಗಾಲಿ ನೇರವಾದ ಜಾಗಕ್ಕೆ ಬಂದಾಗ ಹ್ಯಾಂಡಲು ಕುಳಿಗೆ ಬಿದ್ದಂತೆ ತಡೆದು ನಿಂತರೆ, ಬಟ್ಟಲುಗಳಲ್ಲಿ ಗುಣಿ ಬಿದ್ದಿವೆ ಎಂದು ತಿಳಿಯಬೇಕು. ಆಟೋ ಬಹುಪಾಲು ನೇರ ದಾರಿಯಲ್ಲೇ ಓಡುತ್ತದೆ. ಹೀಗಾಗಿ ರಸ್ತೆಯ ಪ್ರತಿಯೊಂದು ಹಳ್ಳದ ಏಟೂ ಗುಂಡುಗಳ ಮೂಲಕ ಬಟ್ಟಲಿನ ಅದೇ ಜಾಗದ ಮೇಲೆ ಬೀಳುತ್ತದೆ. ಕಾಲಕ್ರಮದಲ್ಲಿ ಅಲ್ಲಿ ಸಣ್ಣ ಸಣ್ಣ ಗುಣಿಗಳಾಗುತ್ತವೆ.

ಇಲ್ಲಿಯೇ ಹಲವರು ಎಡವುತ್ತಾರೆ. ಹ್ಯಾಂಡಲು ಆಟ ಕೊಡುತ್ತಿದೆ ಎಂದೊಡನೆ ಕಂಬದ ಮೇಲಿನ ನಟ್ಟನ್ನು ಬಿಗಿದುಬಿಡುವುದು ರೂಢಿ. ಗುಣಿ ಬಿದ್ದ ಬಟ್ಟಲಿನಲ್ಲಿ ನಡುಭಾಗದ ಸಡಿಲ ಹೋಗುವಷ್ಟು ನಟ್ಟನ್ನು ಬಿಗಿದರೆ, ಗುಣಿಯಿಲ್ಲದ ಪಕ್ಕದ ಭಾಗಗಳಲ್ಲಿ ಗುಂಡುಗಳು ಇರುಕಿಕೊಳ್ಳುತ್ತವೆ. ಪಕ್ಕದಲ್ಲಿ ಸಲೀಸಾಗಿರುವಂತೆ ಸಡಿಲಿಸಿದರೆ ನಡುವೆ ಆಟ ಉಳಿಯುತ್ತದೆ. ಬಿಗಿಯಾದ ಹ್ಯಾಂಡಲು ತಿರುವಿನ ಬಳಿಕ ತಾನಾಗಿ ನೇರಕ್ಕೆ ಬಾರದು. ವಾಹನ ಹಾವಿನಂತೆ ಹರಿದಾಡುತ್ತದೆ. ಆಟ ಹೋಯಿತೆಂಬ ನೆಮ್ಮದಿ ಮಾತ್ರ ಉಳಿದು, ಅಪಾಯ ಬೇರೆ ರೂಪದಲ್ಲಿ ಮರಳುತ್ತದೆ. ಇದಕ್ಕೆ ಪರಿಹಾರ ಒಂದೇ: ಬಟ್ಟಲುಗಳನ್ನೂ ಗುಂಡುಗಳನ್ನೂ ಬದಲಿಸಿ, ಹೊಸ ಗ್ರೀಸ್ ತುಂಬಿ, ಆಟವೂ ಇಲ್ಲದೆ ಬಿಗಿತವೂ ಇಲ್ಲದೆ ನಟ್ಟನ್ನು ಹೊಂದಿಸುವುದು. ಗುಣಿ ಬೀಳದೆ ನಟ್ಟು ಮಾತ್ರ ಸಡಿಲಿದ್ದರೆ ಬಿಗಿದರೆ ಸಾಕು.

ಕೊನೆಯದಾಗಿ ವಾಹನವನ್ನು ಕೆಳಗಿಳಿಸಿ, ಒಬ್ಬರು ಗಾಲಿಯನ್ನು ಅಲುಗದಂತೆ ಹಿಡಿದಿರಲು, ಇನ್ನೊಬ್ಬರು ಹ್ಯಾಂಡಲನ್ನು ಅತ್ತಿತ್ತ ಒತ್ತಬೇಕು. ಹ್ಯಾಂಡಲು ಹೊರಳಿ ಕಂಬ ಹೊರಳದಿದ್ದರೆ ಅವೆರಡನ್ನು ಬಿಗಿದ ಬೋಲ್ಟಿನಲ್ಲಿ ದೋಷವಿದೆ. ಇದು ಎಲ್ಲಕ್ಕಿಂತ ಭಯಂಕರ. ಬೋಲ್ಟು ಕಳಚಿದರೆ ಹ್ಯಾಂಡಲಿಗೂ ಗಾಲಿಗೂ ಸಂಬಂಧವೇ ಉಳಿಯದು. ಕೊಳವೆಯನ್ನು ಒಡಲಿಗೆ ಬೆಸೆದ ಜಾಗದಲ್ಲಿ ಬಿರುಕಿದೆಯೇ ಎಂಬುದನ್ನೂ ಮಣ್ಣು ಒರೆಸಿ ನೋಡಬೇಕು. ಬಿರುಕು ಕಂಡರೆ ಆ ವಾಹನವನ್ನು ರಸ್ತೆಗೆ ಇಳಿಸಲೇಬಾರದು.

ಹಿಂದೆ ನಮ್ಮ ರೈತನು ಎತ್ತಿನಗಾಡಿಯನ್ನು ಹೂಡುವ ಮುನ್ನ ಕಡಾಣಿಯನ್ನು ಮುಟ್ಟಿ ನೋಡಿ, ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದನು. ಆ ಎಚ್ಚರ ಇಂದಿನ ಯಂತ್ರಕ್ಕೂ ಬೇಕು. ಕಾಲಕಾಲಕ್ಕೆ ಗ್ರೀಸ್ ಹಾಕಿಸುವುದು, ಮಿತಿಮೀರಿ ಭಾರ ಹೇರದಿರುವುದು, ಮಳೆಗಾಲದ ಹಳ್ಳಗಳಲ್ಲಿ ನಿಧಾನವಾಗಿ ಸಾಗುವುದು, ಇವುಗಳಿಂದ ಕೀಲುಗಳ ಆಯುಷ್ಯ ಹೆಚ್ಚುತ್ತದೆ. ಸಾರಿಗೆ ಇಲಾಖೆಯು ನೀಡುವ ಅರ್ಹತಾಪತ್ರವು ಪರೀಕ್ಷೆಯ ದಿನದ ಸ್ಥಿತಿಯನ್ನು ಹೇಳಬಲ್ಲುದು. ಉಳಿದ ದಿನಗಳ ಹೊಣೆ ಚಾಲಕನದು. ಹಿಂದಿನ ಆಸನದಲ್ಲಿ ಕುಳಿತವರಿಗೆ ಬಾಲ್ ರೇಸಾಗಲಿ ಪಿನ್ನಾಗಲಿ ಕಾಣುವುದಿಲ್ಲ. ಅವರು ಚಾಲಕನನ್ನೂ, ಅವನ ವಾಹನವನ್ನು ದುರಸ್ತಿ ಮಾಡಿದ ಮೇಸ್ತ್ರಿಯನ್ನೂ ನಂಬಿ ಕುಳಿತಿರುತ್ತಾರೆ. ಲಕ್ಷಣವನ್ನು ಕಂಡೊಡನೆ ಸ್ಪ್ಯಾನರನ್ನು ಎತ್ತಿಕೊಳ್ಳದೆ, ಒಂದೊಂದೇ ಕೀಲನ್ನು ಪರೀಕ್ಷಿಸಿ, ದೋಷವಿಲ್ಲದುದನ್ನು ಬಿಡುತ್ತ ಬಂದು, ಉಳಿದುದನ್ನು ಸರಿಪಡಿಸುವವನು ಆ ನಂಬಿಕೆಗೆ ಯೋಗ್ಯನಾಗುತ್ತಾನೆ.