ಅಳಿಸುವುದೂ ಒಂದು ಕಸುಬು

ಕಚೇರಿಯ ಹಳೆಯ ಕಂಪ್ಯೂಟರುಗಳು ಗುಜರಿಗೆ ಹೊರಟಾಗ ತಾಮ್ರಕ್ಕೆ, ಅಲ್ಯೂಮಿನಿಯಮ್ಮಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಒಳಗಿರುವ ಸಂಬಳದ ಪಟ್ಟಿ, ಗ್ರಾಹಕರ ಪ್ಯಾನ್ ಸಂಖ್ಯೆ, ರೋಗಿಗಳ ವರದಿ ಯಾವ ತಕ್ಕಡಿಗೂ ಸಿಗುವುದಿಲ್ಲ. ಅದನ್ನು ಇಲ್ಲವಾಗಿಸಿ, ಇಲ್ಲವಾಯಿತೆಂದು ರುಜುವಾತುಪಡಿಸುವ ಕೆಲಸಕ್ಕೆಂದೇ ಜನರಿದ್ದಾರೆ. ಅವರ ಕಸುಬಿನ ಬಗ್ಗೆ ನನಗೆ ದೊಡ್ಡ ಗೌರವ.

ಡಿಲೀಟ್ ಒತ್ತಿದರೆ ಸಾಕಲ್ಲವೇ? ಸಾಲದು. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದ ಪೈರು ಮಾಯವಾಗುವುದಿಲ್ಲ. ಕಡತ ಎಲ್ಲಿದೆ ಎಂಬ ದಾಖಲೆ ಹೋದರೂ ಕಡತ ಇದ್ದಲ್ಲೇ ಇರುತ್ತದೆ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಹಳೆಯ ಡಿಸ್ಕುಗಳನ್ನು ಕೊಂಡು ತೆರೆದು ನೋಡಿದರು. ಓದಲು ಸಿಕ್ಕಿದ 129ರಲ್ಲಿ ಸರಿಯಾಗಿ ಅಳಿಸಿದ್ದವು ಬರೀ 12. ಒಂದು ಡಿಸ್ಕಂತೂ ಎಟಿಎಂ ಯಂತ್ರದಿಂದ ಬಂದದ್ದು. ಅವರ ಲೇಖನ 2003ರಲ್ಲಿ ಪ್ರಕಟವಾಯಿತು.

ಹಾಗಾದರೆ ಅಳಿಸುವುದು ಹೇಗೆ? ಹಳೆಯದರ ಮೇಲೆ ಸೊನ್ನೆಗಳನ್ನು ಬರೆಯುವುದು ಮೊದಲ ದಾರಿ. 1996ರಲ್ಲಿ ಸಂಶೋಧಕ ಪೀಟರ್ ಗುಟ್‌ಮನ್ 35 ಸುತ್ತಿನ ಬರಹದ ಪಟ್ಟಿ ಕೊಟ್ಟರು. ಅದು ಅಂದಿನ ಬಗೆಬಗೆಯ ಡಿಸ್ಕುಗಳಿಗೆಲ್ಲ ಸೇರಿಸಿ ಮಾಡಿದ್ದು, ಯಾವ ಒಂದು ಡಿಸ್ಕಿಗೂ ಅಷ್ಟೂ ಬೇಕಿಲ್ಲ ಎಂದು ಆಮೇಲೆ ಅವರೇ ಸ್ಪಷ್ಟಪಡಿಸಿದರು. ಇಂದಿನ ತಿರುಗುವ ಡಿಸ್ಕಿಗೆ ಒಂದು ಸುತ್ತು ಸಾಮಾನ್ಯವಾಗಿ ಸಾಕು. ಕಷ್ಟವಿರುವುದು ಸುತ್ತಿನ ಎಣಿಕೆಯಲ್ಲಲ್ಲ, ಮೂಲೆಗಳಲ್ಲಿ. ಕೆಟ್ಟ ಜಾಗಗಳನ್ನು ಡಿಸ್ಕ್ ತಾನೇ ಬದಿಗಿಟ್ಟಿರುತ್ತದೆ, ಕಂಪ್ಯೂಟರಿಗೆ ಕಾಣದ ಭಾಗಗಳೂ ಇರುತ್ತವೆ. ಹೊರಗಿನಿಂದ ಬರೆಯುವ ಸಾಫ್ಟ್‌ವೇರ್ ಅಲ್ಲಿಗೆ ಮುಟ್ಟದೇ ಹೋಗಬಹುದು. ಅದಕ್ಕೇ ಡಿಸ್ಕಿನೊಳಗೇ ಅಡಗಿರುವ 'ಸೆಕ್ಯೂರ್ ಇರೇಸ್' ಆದೇಶವನ್ನು ಬಲ್ಲವರು ಬಳಸುತ್ತಾರೆ.

ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಬಂದಮೇಲೆ ಕೆಲಸ ಇನ್ನೂ ಸೂಕ್ಷ್ಮವಾಯಿತು. ಚಿಪ್ ಬೇಗ ಸವೆಯದಿರಲೆಂದು ಅದು ಪ್ರತಿ ಬರಹವನ್ನೂ ಹೊಸ ಜಾಗಕ್ಕೆ ಹಾಕುತ್ತದೆ. ಮೇಲೆ ಬರೆದೆವು ಅಂದುಕೊಂಡದ್ದು ಪಕ್ಕದಲ್ಲಿ ಬಿದ್ದಿರುತ್ತದೆ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ ಒಂದು ಎಸ್‌ಎಸ್‌ಡಿ 'ಅಳಿಸಿದೆ' ಎಂದು ಉತ್ತರ ಕೊಟ್ಟಿತು, ಒಳಗಿನ ಡೇಟಾ ಒಂದಿಷ್ಟೂ ಅಳಿದಿರಲಿಲ್ಲ! ಯಂತ್ರದ ಮಾತನ್ನು ನಂಬದೆ ಮತ್ತೆ ಓದಿ ನೋಡುವವನೇ ಈ ಕಸುಬಿನ ನಿಜವಾದ ಕುಶಲಿ. ಬೇರೆ ದಾರಿಗಳಿಗೂ ಮಿತಿಯಿದೆ. ಬಲವಾದ ಅಯಸ್ಕಾಂತದ ಡೀಗಾಸರ್ ತಿರುಗುವ ಡಿಸ್ಕನ್ನು ಕ್ಷಣದಲ್ಲಿ ಬರಿದು ಮಾಡುತ್ತದೆ, ಎಸ್‌ಎಸ್‌ಡಿಯ ಡೇಟಾ ಅದರಿಂದ ಅಳಿಯುವುದಿಲ್ಲ. ಶ್ರೆಡ್ಡರಿಗೆ ಹಾಕಿದರೂ ಚೂರು ದೊಡ್ಡದಾದರೆ ಇಡೀ ಚಿಪ್ ಪಾರಾಗಿ ಬರಬಹುದು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ 2 ಮಿಲಿಮೀಟರಿಗೆ ಪುಡಿಮಾಡಲು ಹೇಳುವುದು ಸುಮ್ಮನೆ ಅಲ್ಲ.

ನನಗೆ ಅತ್ಯಂತ ಸೊಗಸಾಗಿ ಕಾಣುವುದು ಗೂಢಲಿಪಿಯ ವಿಧಾನ. ಡಿಸ್ಕ್ ಮೊದಲ ದಿನದಿಂದಲೇ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತಿದ್ದರೆ, ಕೊನೆಗೆ ಅದರ ಕೀಲಿಯೊಂದನ್ನು ನಾಶ ಮಾಡಿದರಾಯಿತು. ಟೆರಾಬೈಟುಗಟ್ಟಲೆ ಮಾಹಿತಿ ಕ್ಷಣದಲ್ಲಿ ಅರ್ಥವಿಲ್ಲದ ರಾಶಿ. ಡಿಸ್ಕಿಗೆ ಗೀರೂ ಬೀಳುವುದಿಲ್ಲ, ಇನ್ನೊಂದು ಕಚೇರಿಯಲ್ಲೋ ಶಾಲೆಯಲ್ಲೋ ವರ್ಷಗಟ್ಟಲೆ ದುಡಿಯುತ್ತದೆ. ಪುಡಿಮಾಡುವ ಸದ್ದು ಕೇಳಲು ಸಮಾಧಾನ ಕೊಡಬಹುದು. ಡಿಸ್ಕನ್ನು ಜೀವಂತ ಉಳಿಸಿ ಮಾಹಿತಿಯನ್ನಷ್ಟೇ ಕೊಲ್ಲುವುದು ಅದಕ್ಕಿಂತ ಮೇಲಿನ ವಿದ್ಯೆ.

ಇಷ್ಟೆಲ್ಲ ತಿಳಿದಿದ್ದರೂ ಲೆಕ್ಕ ತಪ್ಪಿದರೆ ವ್ಯರ್ಥ. ಅಮೆರಿಕದ ಹಣಕಾಸು ಸಂಸ್ಥೆ ಮೋರ್ಗನ್ ಸ್ಟಾನ್ಲಿ ತನ್ನ ಡೇಟಾ ಕೇಂದ್ರಗಳನ್ನು ಮುಚ್ಚುವಾಗ ಡಿಸ್ಕ್ ಅಳಿಸುವ ಕೆಲಸವನ್ನು ಅದರ ಅನುಭವವಿಲ್ಲದ, ಸಾಮಾನು ಸಾಗಿಸುವ ಕಂಪನಿಗೆ ವಹಿಸಿತು. ಗ್ರಾಹಕರ ಮಾಹಿತಿಯಿದ್ದ ಸಲಕರಣೆಗಳು ಅಂತರ್ಜಾಲದ ಹರಾಜಿಗೆ ಬಂದವು. 2022ರಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗಕ್ಕೆ 3.5 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಅಲ್ಲಿ ತಪ್ಪಿದ್ದು ತಂತ್ರಜ್ಞಾನ ಅಲ್ಲ, ಯಾವ ಡಿಸ್ಕ್ ಯಾರ ಕೈಯಲ್ಲಿದೆ ಎಂಬ ನಿಗಾ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಳಸಿದ ಡಿಸ್ಕನ್ನು ಯಾರು ಬೇಕಾದರೂ ಕೊಳ್ಳಬಹುದು. ಹಾಗಾಗಿ ಇಲ್ಲಿನ ಕಚೇರಿಗಳೂ ಹಳೆಯ ಯಂತ್ರಗಳನ್ನು ಲಾರಿಗೆ ಹತ್ತಿಸುವ ಮೊದಲೇ ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಬೇಕು. ಆಮೇಲೆ ಬರುವ ನಾಶದ ಪ್ರಮಾಣಪತ್ರದಲ್ಲಿ ಅದೇ ನಂಬರ್, ಅಳಿಸಿದ ವಿಧಾನ, ಪರಿಶೀಲಿಸಿದ ಬಗೆ, ದಿನಾಂಕ, ಮಾಡಿದವರ ಸಹಿ ಇರಬೇಕು. 'ನೂರು ಡಿಸ್ಕ್ ನಾಶಪಡಿಸಲಾಗಿದೆ' ಎಂಬ ಒಂದೇ ಸಾಲಿನ ಕಾಗದ ಬಂದರೆ ವಾಪಸ್ ಕಳಿಸಿ, ನೂರು ನಂಬರುಗಳನ್ನೂ ಕೇಳಿ.