ಪಾರಿಜಾತದ ಎಸಳು ಎಣಿಸಿದವರು

ಪಾರಿಜಾತದ ಹೂವಿಗೆ ಎಷ್ಟು ಎಸಳು? ವರ್ಷಗಟ್ಟಲೆ ಅದನ್ನು ಆಯ್ದು ದೇವರಿಗೆ ಏರಿಸಿದವರನ್ನೇ ಕೇಳಿ ನೋಡಿ, ಥಟ್ಟನೆ ಉತ್ತರ ಬರುವುದಿಲ್ಲ. ಒಬ್ಬರು ಐದು ಎನ್ನುತ್ತಾರೆ, ಇನ್ನೊಬ್ಬರು ಆರು. ಇಬ್ಬರೂ ಸರಿ. ಒಂದೇ ಗಿಡದಿಂದ ಒಂದೇ ಬೆಳಗ್ಗೆ ಉದುರಿದ ಹೂಗಳನ್ನು ಅಂಗೈಯಲ್ಲಿ ಹರಡಿಕೊಂಡರೆ ಐದೆಸಳಿನದೂ ಇರುತ್ತದೆ, ಏಳೆಸಳಿನದೂ ಇರುತ್ತದೆ. ಎಸಳುಗಳೆಲ್ಲ ಗಾಳಿಚಕ್ರದ ರೆಕ್ಕೆಗಳ ಹಾಗೆ ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ. ಇನ್ನೂ ಹತ್ತಿರ ಹಿಡಿದರೆ, ಅವು ಬಿಡಿ ಎಸಳುಗಳೇ ಅಲ್ಲ. ಬುಡದಲ್ಲಿ ಕೂಡಿಕೊಂಡು ಆ ಕೇಸರಿ ಕೊಳವೆಯೇ ಆಗಿಬಿಟ್ಟಿವೆ. ಹೂವು ಇಡಿಯಾಗಿ ಉದುರುವುದು ಅದಕ್ಕೇ.

ಕೋಲ್ಕತ್ತದಲ್ಲಿ ಇದು ಶಿವುಲಿ, ಪಶ್ಚಿಮ ಬಂಗಾಳದ ರಾಜ್ಯ ಪುಷ್ಪ. ಮಳೆ ಹಿಂದೆಗೆದು ಶಿವುಲಿ ನೆಲ ತುಂಬಿತೆಂದರೆ ದುರ್ಗಾಪೂಜೆ ಬಂತೆಂದೇ ಲೆಕ್ಕ. ಆ ಹೂವಿನ ಎಸಳನ್ನು ಕೂತು ಎಣಿಸಿದವರು ಎಸ್.ಕೆ. ರಾಯ್. ಎಣಿಸಲು ಹುರಿದುಂಬಿಸಿದವರು ಜೆ.ಬಿ.ಎಸ್. ಹಾಲ್ಡೇನ್. ವಿಕಾಸವಾದಕ್ಕೆ ಗಣಿತದ ಬುನಾದಿ ಹಾಕಿದ ಮೂವರಲ್ಲಿ ಒಬ್ಬರು ಎನಿಸಿಕೊಂಡಿದ್ದ ಹಾಲ್ಡೇನ್, 1957ರಲ್ಲಿ ಲಂಡನ್ ಬಿಟ್ಟು ಕೋಲ್ಕತ್ತದಲ್ಲಿ ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಧೋತಿ-ಜುಬ್ಬಾ ತೊಟ್ಟರು, ಭಾರತದ ಪ್ರಜೆಯೂ ಆದರು. ದುಬಾರಿ ಉಪಕರಣ ಇಲ್ಲವಲ್ಲ ಎಂದು ಕೊರಗುವ ತರುಣರಿಗೆ ಅವರು ತೋರಿಸಿದ್ದು ಅಂಗಳವನ್ನು. ಪ್ರಾಣಿಯನ್ನು ಕೊಲ್ಲದೆ, ಕೊಯ್ಯದೆ, ನೋಡಿಯೇ ಜೀವವಿಜ್ಞಾನ ಮಾಡಬಹುದು ಎಂಬುದು ಅವರ ವಾದ.

ಎಸಳು ಎಣಿಸಿದರೆ ಸಿಗುವುದೇನು? ಒಂದು ಗಿಡದ ಹೂಗಳಿಗೆಲ್ಲ ವಂಶವಾಹಿಗಳು ಒಂದೇ. ಹಾಗಾಗಿ ಐದಕ್ಕೂ ಏಳಕ್ಕೂ ಇರುವ ವ್ಯತ್ಯಾಸವನ್ನು ವಂಶವಾಹಿಯ ತಲೆಗೆ ಕಟ್ಟುವಂತಿಲ್ಲ. ಮೊಗ್ಗು ಮೂಡುವ ಹೊತ್ತಿನಲ್ಲೇ ಏನೋ ಅತ್ತಿತ್ತ ಆಗಿರಬೇಕು. ಜೀವಿಯೊಂದು ತನ್ನ ಆಕಾರವನ್ನು ಎಷ್ಟು ಬಿಗಿಯಾಗಿ ಕಾಯ್ದುಕೊಳ್ಳುತ್ತದೆ, ಎಲ್ಲಿ ಸಡಿಲ ಬಿಡುತ್ತದೆ ಎನ್ನುವುದು ಜೀವವಿಜ್ಞಾನದ ದೊಡ್ಡ ಪ್ರಶ್ನೆ. ಅದಕ್ಕೆ ಕೈಹಾಕಲು ಬೇಕಾದದ್ದು ಒಂದು ಬುಟ್ಟಿ ಹೂವು, ಒಂದು ನೋಟ್‌ಬುಕ್ಕು.

ಹಾಲ್ಡೇನರ ಇನ್ನೊಬ್ಬ ಶಿಷ್ಯ ಕೃಷ್ಣ ದ್ರೋಣಂರಾಜು ಲಂಟಾನದ ಪೊದೆಯ ಪಕ್ಕ ನಿಂತರು. ಬಂಡೀಪುರದ ಅರಣ್ಯದವರಿಗೆ ತಲೆನೋವಾಗಿರುವ ಅದೇ ಲಂಟಾನ. ಕೆಲವು ಜಾತಿಯ ಚಿಟ್ಟೆಗಳು ಗುಲಾಬಿ ಬಣ್ಣದ ಹೂವಿಗೆ, ಕೆಲವು ಕಿತ್ತಳೆ ಬಣ್ಣದ್ದಕ್ಕೆ ಹೆಚ್ಚಾಗಿ ಹೋಗುವುದನ್ನು ಗುರುತಿಸಿದರು. ಒಂದೊಂದು ಬಣ್ಣಕ್ಕೂ ಅದರದೇ ಗಿರಾಕಿಗಳಾದರೆ ಪರಾಗವೂ ಬೇರೆ ಬೇರೆಯಾಗಿ, ಒಂದೇ ಜಾಗದಲ್ಲಿದ್ದುಕೊಂಡೇ ಒಂದು ಗಿಡ ಎರಡು ಪ್ರಭೇದವಾಗುವ ಹಾದಿ ಹಿಡಿಯಬಹುದಲ್ಲ! ಇದನ್ನು ಕುರಿತ ಅವರ ಬರಹ 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಆದರೆ ಕೋಲ್ಕತ್ತದಲ್ಲಿ ಹೀಗೆ ನಿಂತು ನೋಡುವ ಚಾಳಿ ಹಾಲ್ಡೇನರಿಗಿಂತ ಹಳೆಯದು. ನನಗೆ ಹೆಚ್ಚು ಇಷ್ಟವಾಗುವವರು ಗೋಪಾಲಚಂದ್ರ ಭಟ್ಟಾಚಾರ್ಯ (1895–1981). ಕಾಲೇಜು ಓದು ಪೂರೈಸಲಾಗದೆ ಹಳ್ಳಿಯಲ್ಲಿ ಮೇಷ್ಟರಾಗಿದ್ದವರು. ಕೊಳೆತ ಸೊಪ್ಪುಸದೆ ಕತ್ತಲಲ್ಲಿ ಮಿನುಗುವುದನ್ನು ಕಂಡು ‘ಪ್ರವಾಸಿ’ ಪತ್ರಿಕೆಗೆ ಬರೆದರು. ಅದು ಜಗದೀಶಚಂದ್ರ ಬೋಸರ ಕಣ್ಣಿಗೆ ಬಿತ್ತು. 1921ರಲ್ಲಿ ಬೋಸ್ ಸಂಸ್ಥೆ ಸೇರಿದ ಅವರು ಬದುಕಿನ ಬಹುಪಾಲನ್ನು ಇರುವೆ, ಜೇಡಗಳ ಹಿಂದೆ ಕಳೆದರು.

ಅವರು ಬೆನ್ನು ಹತ್ತಿದ ಕೆಂಪಿರುವೆ ನಮ್ಮ ಮಲೆನಾಡಿಗರು ಚಟ್ನಿ ಅರೆಯುವ ಚಗಳಿಯೇ. ಅದು ಗೂಡು ಕಟ್ಟುವುದನ್ನು ಒಮ್ಮೆ ನಿಂತು ನೋಡಬೇಕು. ಸಾಲಾಗಿ ನಿಂತ ಇರುವೆಗಳು ಒಂದೆಲೆಯ ಅಂಚನ್ನು ಕಾಲಲ್ಲಿ ಹಿಡಿದು, ಇನ್ನೊಂದೆಲೆಯ ಅಂಚನ್ನು ಬಾಯಲ್ಲಿ ಕಚ್ಚಿ ಎಳೆಯುತ್ತವೆ. ನಡುವೆ ಅಂತರ ಜಾಸ್ತಿಯಾದರೆ ಒಂದರ ಸೊಂಟ ಒಂದು ಹಿಡಿದು ಸರಪಳಿಯಾಗುತ್ತವೆ. ಅಂಚುಗಳು ಹತ್ತಿರ ಬಂದ ಮೇಲೆ ಇನ್ನಷ್ಟು ಇರುವೆಗಳು ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತರುತ್ತವೆ. ಹುಳುವಿನ ಮೂತಿಯನ್ನು ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ ತಾಗಿಸಿದಂತೆ ಅದರ ಬಾಯಿಂದ ರೇಷ್ಮೆ ಎಳೆ ಹೊರಬಂದು ಎಲೆಗಳು ಹೊಲಿದುಕೊಳ್ಳುತ್ತವೆ. ಇದ್ದ ರೇಷ್ಮೆಯನ್ನೆಲ್ಲ ಊರಿನ ಕೆಲಸಕ್ಕೆ ಕೊಟ್ಟ ಮರಿ ತನಗೊಂದು ಗೂಡು ಸುತ್ತಿಕೊಳ್ಳುವುದೇ ಇಲ್ಲ. ಈ ಸಂಸಾರದಲ್ಲಿ ಯಾರು ರಾಣಿ, ಯಾರು ಆಳು ಎಂಬುದು ಮರಿಗೆ ಸಿಗುವ ಆಹಾರದಿಂದ ತೀರ್ಮಾನವಾಗುತ್ತದೆ ಎಂದು ಗೋಪಾಲಚಂದ್ರರು 1940ರ ದಶಕದಲ್ಲೇ ಬರೆದರು. ಬಂಗಾಳದ ಕೀಟಗಳ ಬಗೆಗಿನ ಅವರ ಪುಸ್ತಕಕ್ಕೆ 1975ರಲ್ಲಿ ರವೀಂದ್ರ ಪುರಸ್ಕಾರ ಬಂತು. ಕಲ್ಕತ್ತ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದಾಗ ಅವರಿಗೆ 85 ವರ್ಷ, ತೀರಿಕೊಳ್ಳಲು ಕೆಲವೇ ತಿಂಗಳಿತ್ತು. ನಮ್ಮಲ್ಲಿ ಗೌರವ ನಡೆದುಕೊಂಡೇ ಬರುತ್ತದೆ.

ಇಂಥ ನೋಟದಿಂದ ನೋಡುವವರಿಗೆ ಏನಾಗುತ್ತದೆ ಎಂದೂ ಈಗ ಅಳೆಯುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ವರ್ಜೀನಿಯಾ ಸ್ಟರ್ಮ್ ಮತ್ತು ಸಂಗಡಿಗರು ವಯಸ್ಸಾದವರನ್ನು ಎಂಟು ವಾರ, ವಾರಕ್ಕೊಮ್ಮೆ 15 ನಿಮಿಷ ವಾಕಿಂಗ್ ಕಳಿಸಿದರು. ಅರ್ಧ ಜನರಿಗೆ ಮಾತ್ರ, ಸುತ್ತಲಿನದನ್ನು ಮಗುವಿನ ಕಣ್ಣಿಂದ ಬೆರಗಾಗಿ ನೋಡಿ ಎಂದು ಹೇಳಿದ್ದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಜಾ ಇರುವುದು ವಾಕಿಂಗಿನಲ್ಲಿ ಅವರು ತೆಗೆದುಕೊಂಡ ಸೆಲ್ಫಿಗಳಲ್ಲಿ. ಬೆರಗಿನ ಗುಂಪಿನವರ ಚಿತ್ರಗಳಲ್ಲಿ ವಾರ ಕಳೆದಂತೆ ಅವರ ಆಕೃತಿ ಸಣ್ಣದಾಗುತ್ತ, ಹಿನ್ನೆಲೆ ದೊಡ್ಡದಾಗುತ್ತ ಹೋಯಿತು. ನಗು ಮಾತ್ರ ಅರಳುತ್ತ ಬಂತು. ಆದರೂ ಬೆರಗನ್ನು ಮಾತ್ರೆಯಂತೆ ವಾರಕ್ಕೊಂದು ನುಂಗಿಸುವುದು ನನಗೆ ಅಷ್ಟು ರುಚಿಸದು. ಗೋಪಾಲಚಂದ್ರರು ಆರೋಗ್ಯಕ್ಕೆಂದು ಇರುವೆ ನೋಡಿದವರಲ್ಲ. ಮುಂದೇನಾಗುತ್ತದೆ ಎಂಬ ಕುತೂಹಲವೇ ಅವರನ್ನು ಕಾಲು ನೋಯುವವರೆಗೂ ನಿಲ್ಲಿಸುತ್ತಿದ್ದಿರಬೇಕು.

ನಮ್ಮ ಕಡೆಯ ಕಣ್ಣಿಗೆ ಹೇಳಿ ಮಾಡಿಸಿದ ಕೆಲಸ ಟಿ.ಎ. ಡೇವಿಸ್ ಅವರದು. ಅದೇ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದ ಅವರು ತೆಂಗಿನ ಮರಗಳನ್ನು ಎಡ, ಬಲ ಎಂದು ವಿಂಗಡಿಸುತ್ತ ಹೋದರು. ತೆಂಗಿನ ಗರಿಗಳು ಸುರುಳಿಯಾಗಿ ಮೂಡುತ್ತವೆ. ಕೆಲವು ಮರಗಳಲ್ಲಿ ಆ ಸುರುಳಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ. ಎಡಸುರುಳಿಯ ಮರದ ಕಾಯಿ ನೆಟ್ಟರೆ ಎಡದ ಸಸಿಯೇ ಬರಬೇಕೆಂದಿಲ್ಲ, ಈ ಗುಣ ವಂಶದಲ್ಲಿ ಹರಿಯುವುದಿಲ್ಲ ಎಂದು ಡೇವಿಸ್ 1962ರಲ್ಲಿ ತೋರಿಸಿದರು. ತಿಪಟೂರಿನ ತೋಟದಲ್ಲೂ ಈ ಎಡ-ಬಲವನ್ನು ಗೊನೆಯಿಂದಲೇ ಗುರುತಿಸಬಹುದು. ಗೊನೆ ತನ್ನ ಗರಿಯ ದಿಂಡಿನ ನೇರಕ್ಕೆ ಇಳಿಯದೆ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ. ಒಂದು ಮರದ ಗೊನೆಗಳೆಲ್ಲ ವಾಲುವುದು ಒಂದೇ ಪಕ್ಕಕ್ಕೆ. ಪಕ್ಕದ ಮರದ್ದು ಯಾವ ಕಡೆಗೆ ಎಂದು ನೋಡುವಾಗ ತಲೆಯ ಮೇಲೆ ಕಾಯಿ ಬೀಳದಂತೆ ಸ್ವಲ್ಪ ದೂರ ನಿಲ್ಲುವುದು ಒಳ್ಳೆಯದು.